ಜಂಪರಿನ ಇನ್ನೊಂದು ತೋಳು

ಯಲಬುರ್ಗಾದ ಬಸ್ ನಿಲ್ದಾಣದಿಂದ ಪೇಟೆಯ ಕಡೆ ತಿರುಗಿ, ಗೊಬ್ಬರದ ಅಂಗಡಿ ದಾಟಿದರೆ ಒಂದು ಸಣ್ಣ ಹೊಲಿಗೆ ಅಂಗಡಿ ಸಿಗುತ್ತದೆ. ಹೊರಗೆ ಬೋರ್ಡಿಲ್ಲ. ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಕಸೂತಿ ಹಾಕಿದ ಜಂಪರಿನ, ಎಂದರೆ ರವಿಕೆಯ, ತೋಳುಗಳನ್ನು ಬಟ್ಟೆ ಒಣಹಾಕಿದ ಹಾಗೆ ಅದಕ್ಕೆ ನೇತು ಹಾಕಿರುತ್ತಾರೆ. ಬೋರ್ಡೆಂದರೆ ಅದೇ. ಒಳಗೆ ಇಬ್ಬರು ಹೆಂಗಸರು. ಹೊಲಿಯುವವಳು ವಿಜಯಲಕ್ಷ್ಮಿ. ಕಂಪ್ಯೂಟರ್ ಮಷೀನಿನಲ್ಲಿ ಕಸೂತಿ ತೆಗೆಯುವವಳು ಅಂಜುಮ. ಇಲ್ಲಿ ಹೇಳಹೊರಟಿರುವುದು ಅಂಜುಮಳ ಸಂಗತಿ.

ಅಂಜುಮ ಮಂಗಳೂರಿನವಳು. ಸಮುದ್ರದ ಮಂಗಳೂರಲ್ಲ, ಇದೇ ತಾಲೂಕಿನ ಮಂಗಳೂರು. ಅವಳ ಅಪ್ಪ ಶಫೀಸಾಬ ಊರ ಅಗಸಿಬಾಗಿಲ ಹತ್ತಿರ ಕೈಮಷೀನು ಇಟ್ಟುಕೊಂಡು ಊರಿನವರ ಅಂಗಿ, ಚಡ್ಡಿ, ಚೀಲ ಹೊಲಿಯುತ್ತಿದ್ದ. ಅಂಜುಮ ಇನ್ನೂ ಲಂಗ ಉಡುವ ವಯಸ್ಸಿನಲ್ಲಿ, ಅಪ್ಪ ನಮಾಜಿಗೆ ಹೋದ ಹೊತ್ತು ನೋಡಿ ಆ ಮಷೀನಿನ ಹೊಟ್ಟೆ ಬಿಚ್ಚಿ ಕೂತಿದ್ದಳು. ಮೇಲಿನಿಂದ ಒಂದು ದಾರ ಬರುತ್ತದೆ, ಕೆಳಗಿನಿಂದ ಒಂದು ದಾರ ಬರುತ್ತದೆ, ಕತ್ತಲಲ್ಲಿ ಒಂದಕ್ಕೊಂದು ಕೈ ಹೇಗೆ ಹಿಡಿಯುತ್ತವೆ ಎಂಬುದನ್ನು ಅವಳು ಕಣ್ಣಾರೆ ಕಾಣಬೇಕಿತ್ತು. ಅಪ್ಪ ಬಂದು ನೋಡಿದ. ಬೈಯಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ನೆಲಕ್ಕೆ ಹಾಸಿ, "ಬಿಚ್ಚಿದ್ದ ಬಿಚ್ಚಿದಿ. ಮೊದ್ಲ ಬಿಚ್ಚಿದ್ದ ಎಡಕ್ಕಿಡು, ಆಮ್ಯಾಲಿಂದು ಅದರ ಬಾಜೂಕ. ಕೂಡಸುವಾಗ ಬಲಗಡಿಂದ ಬಾ" ಅಂದ. ಅಂದು ಕಲಿತದ್ದು ಅವಳ ಕೈಬಿಟ್ಟು ಹೋಗಲಿಲ್ಲ. ಏನು ಕೆಟ್ಟರೂ ಮೊದಲು ಒಂದು ಬಟ್ಟೆ ಹಾಸುತ್ತಾಳೆ. ಒಂದು ಸಲಕ್ಕೆ ಒಂದನ್ನೇ ಮುಟ್ಟುತ್ತಾಳೆ. ಮುಟ್ಟಿದ ಮೇಲೆ ಸುಮ್ಮನೆ ಕೂತು ಏನಾಯಿತೆಂದು ನೋಡುತ್ತಾಳೆ.

ಶಾಲೆ ಏಳನೇ ತರಗತಿಗೆ ನಿಂತಿತು. ಟಿಪ್ಪುಸಾಬನ ಜೊತೆ ಮದುವೆಯಾಯಿತು. ಅವನು ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಹೊತ್ತು ತಿರುಗುವವನು, ವಾರದಲ್ಲಿ ಮನೆಯಲ್ಲಿ ಕಂಡ ದಿನ ಕಡಿಮೆ. ಅಂಜುಮ ಕೈಕಸೂತಿ ಕಲಿತಳು, ಆಮೇಲೆ ಮಷೀನು ಕಲಿತಳು. ಇಳಕಲ್ಲಿನಲ್ಲಿ ಒಬ್ಬರು ಬಿಟ್ಟ ಹಳೇ ಕಸೂತಿ ಮಷೀನು ಟೆಂಪೋ ಹತ್ತಿ ಯಲಬುರ್ಗಾಕ್ಕೆ ಬಂತು. ಅದಕ್ಕೆ ಚಿತ್ರ ಕೊಡಲು ಒಂದು ಲ್ಯಾಪ್‌ಟಾಪ್ ಬೇಕು. ಅದನ್ನು ಕೊಟ್ಟವನು ಅವಳ ತಮ್ಮ ಅಕ್ಬರ. ಅವನು ಗಿಣಿಗೇರಾದಲ್ಲಿ ಒಂದು ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ.

ಹೋದ ವರ್ಷ ಲ್ಯಾಪ್‌ಟಾಪಿನ ಒಳಗಿನ ಡಿಸ್ಕು ಸತ್ತಿತು. ಅಕ್ಬರ ರಜೆಯಲ್ಲಿ ಬಂದು, ಎಲ್ಲವನ್ನೂ ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಹಾಕಿಕೊಟ್ಟ. ಹಸ್ತದಷ್ಟು ದೊಡ್ಡ ಕಬ್ಬಿಣದ ಡಬ್ಬಿ, ಒಳಗೆ ತಿರುಗುವ ತಟ್ಟೆ. ಅಂದಿನಿಂದ ಲ್ಯಾಪ್‌ಟಾಪ್ ಹೊರಗಿನ ಆ ಡಿಸ್ಕಿನಿಂದಲೇ ಏಳುತ್ತದೆ. ಆದರೆ ಲ್ಯಾಪ್‌ಟಾಪಿನ ಮೈಗೆ ಇರುವುದು ಒಂದೇ ತೂತು, ಅದೂ ಸಪೂರದ್ದು. ಡಿಸ್ಕಿನ ವೈರಿನ ಬಾಯಿ ಅಗಲ. ಹಾಗಾಗಿ ನಡುವೆ ಒಂದು ಕರಿ ಡಬ್ಬಿ. ಅದರ ಬಾಲ ಲ್ಯಾಪ್‌ಟಾಪಿಗೆ ಸೇರುತ್ತದೆ. ಡಿಸ್ಕು, ಮೌಸು, ಕಸೂತಿ ಮಷೀನಿನ ವೈರು ಎಲ್ಲವೂ ಡಬ್ಬಿಗೆ ಸೇರುತ್ತವೆ. ಲ್ಯಾಪ್‌ಟಾಪಿಗೆ ಚಾರ್ಜೂ ಅದರ ಮೂಲಕವೇ ಹೋಗಬೇಕು. ಅಕ್ಬರ ಅದನ್ನು ಡಾಕ್ ಎನ್ನುತ್ತಾನೆ. ವಿಜಯಲಕ್ಷ್ಮಿಗೆ ಅದು ಬರೀ ಡಬ್ಬಿ.

ಅಮಾವಾಸ್ಯೆಯ ಮರುದಿನ ಮುಂಜಾನೆ ಅಂಜುಮ ಊರಿನಿಂದ ಬಸ್ಸಿಳಿದು ಬಂದು, ಕೈಚೀಲ ಗೂಟಕ್ಕೆ ಹಾಕಿ, ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಪರದೆ ಬೆಳಗಿತು. ಬೆಳಗಿದ್ದು ಕರಿದಾಗಿ, ಮೇಲೆ ಒಂದು ಬಿಳಿ ಇಂಗ್ಲಿಷ್ ಸಾಲು ಬಂದು ನಿಂತಿತು. ಮತ್ತೆ ಆರಿಸಿ ಮತ್ತೆ ಒತ್ತಿದಳು. ಅದೇ ಸಾಲು.

ಕಸೂತಿ ಮಷೀನಿನ ಫ್ರೇಮಿನಲ್ಲಿ ಒಂದು ಬರಿ ತೋಳು ಬಿಗಿದು ಕೂತಿತ್ತು. ಅದರ ಜೋಡಿ ತೋಳು ಮೇಜಿನ ಮೇಲೆ, ಪೂರ್ತಿ ಕಸೂತಿಯಾಗಿ, ಮಡಿಕೆ ಬೀಳದ ಹಾಗೆ ಚಾಚಿಕೊಂಡಿತ್ತು. ಹಸಿರು ಖಣದ ಬಟ್ಟೆಯ ಮೇಲೆ ಅಂಬಾರಿ ಹೊತ್ತ ಆನೆ, ಅದರ ಸುತ್ತ ಗೋಪುರ, ಅಂಚಿಗೆ ರುದ್ರಾಕ್ಷಿ. ಒಂದು ತೋಳಿನ ಆನೆ ಬಲಕ್ಕೆ ನಡೆದರೆ ಇನ್ನೊಂದರದು ಎಡಕ್ಕೆ ನಡೆಯಬೇಕು. ತೊಟ್ಟಾಗ ಎರಡೂ ಎದುರುಬದುರಾಗಬೇಕು. ಎರಡನೆಯ ಆನೆ ಡಿಸ್ಕಿನ ಒಳಗಿತ್ತು, ಬೇರೆಲ್ಲೂ ಇರಲಿಲ್ಲ.

ಆ ಜಂಪರು ಕುಷ್ಟಗಿಯ ಐಶ್ವರ್ಯಳ ಮದುವೆಯದು. ನಾಳೆಯೇ ಅರಿಷಿಣದ ಶಾಸ್ತ್ರ. ಆ ಖಣವನ್ನು ಸೀರೆಯ ಜೊತೆಗೇ ಒಂದೇ ಬಣ್ಣದಲ್ಲಿ ನೇಯಿಸಿದ್ದು, ಕೆಟ್ಟರೆ ಇನ್ನೊಂದು ತರುವಂತಿಲ್ಲ. ಚಿತ್ರ ಅವಳ ಅಜ್ಜಿ ಪಾರ್ವತೆಮ್ಮನ ಹಳೇ ಕುಪ್ಪಸದ್ದು. ಆ ಕುಪ್ಪಸ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಅಂಜುಮ ಅದನ್ನು ಗಾಜಿನ ಕೆಳಗಿಟ್ಟು, ಎಳೆ ಎಳೆ ಎಣಿಸಿ, ಮಧ್ಯಾಹ್ನದ ಹೊತ್ತೆಲ್ಲ ಕೂತು ಕಂಪ್ಯೂಟರಿಗೆ ಇಳಿಸಿದ್ದಳು.

ವಿಜಯಲಕ್ಷ್ಮಿ ಬಂದು ಚಪ್ಪಲಿ ಬಿಟ್ಟಳು. ಅಂಜುಮಳ ಮುಖ ನೋಡಿ, "ಯಾಕ, ಬಸ್ಸಿನ್ಯಾಗ ಯಾರರ ಕಾಲ ತುಳದ್ರೇನು?" ಅಂದಳು.

"ಲ್ಯಾಪ್‌ಟಾಪ್ ಏಳವಲ್ದು ವಿಜಕ್ಕ."

"ಏಳವಲ್ದು ಅಂದ್ರ? ನಿನ್ನಿ ಚಲೋ ಇತ್ತಲ. ನಾನಽ ಸಂಜಿ ಮುಂದ ಒರಸಿ, ಅರಿಷಿಣ ಕುಂಕುಮ ಹಚ್ಚೀನಿ."

ಹಚ್ಚಿದ್ದು ನಿಜ. ಪ್ರತಿ ಅಮಾವಾಸ್ಯೆ ಅಂಗಡಿಯಲ್ಲಿ ಲಕ್ಷ್ಮಿ ಪೂಜೆ. ಹೊಲಿಗೆ ಮಷೀನು, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಕಸೂತಿ ಮಷೀನು, ಎಲ್ಲಕ್ಕೂ ವಿಜಯಲಕ್ಷ್ಮಿ ಬೊಟ್ಟಿಡುತ್ತಾಳೆ. ಅಂಜುಮ ಸಂಜೆಯ ಬಸ್ಸಿಗೆ ಹೋಗುವವಳಾದ್ದರಿಂದ ಪೂಜೆಗೆ ನಿಲ್ಲುವುದಿಲ್ಲ, ಮರುದಿನ ಕೊಬ್ಬರಿ ಸಕ್ಕರೆ ಅವಳ ಪಾಲಿಗೆ ಕಟ್ಟಿಟ್ಟಿರುತ್ತದೆ. ಈ ಸಲ ಕರಿ ಡಬ್ಬಿಗೂ ಬೊಟ್ಟು ಬಿದ್ದಿತ್ತು. ತೂತುಗಳ ಸಾಲಿನ ಪಕ್ಕಕ್ಕೇ.

ಅಂಜುಮ ಬಗ್ಗಿ ಅದನ್ನು ನೋಡಿದಳು. ಅವಳು ನೋಡಿದ್ದನ್ನು ವಿಜಯಲಕ್ಷ್ಮಿ ನೋಡಿದಳು.

"ನಾ ಹಚ್ಚಿದ ಕುಂಕುಮಕ್ಕ ಕೆಟ್ಟತೇನು?"

"ನಾ ಎಲ್ಲಿ ಅಂದೆ?"

"ಅನ್ನಲಿಲ್ಲ. ಬಗ್ಗಿ ನೋಡಿದೆಲ್ಲ."

"ಬಗ್ಗಿ ನೋಡೂದಕ್ಕೂ ನಿನ್ನ ಕೇಳಬೇಕೇನಽ ಯವ್ವ? ಹಳೇ ಹಲ್ಲಿನ ಬ್ರಷ್ ಎಲ್ಲಿ ಇಟ್ಟಿ, ಕೊಡು."

ಅಂಜುಮ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಳು. ಡಿಸ್ಕಿನ ವೈರು ತೆಗೆದು ಎಡಕ್ಕಿಟ್ಟಳು. ಬ್ರಷ್ಷಿನಿಂದ ತೂತಿನ ಬಾಯಿ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಕುಂಕುಮ ಹೋಗಿರಲಿಲ್ಲ. ವಿಜಯಲಕ್ಷ್ಮಿಯೂ ಒಂದು ಕಣ್ಣು ಮುಚ್ಚಿ ನೋಡಿದಳು. "ಸ್ವಚ್ಛ ಐತಿ" ಅಂದಳು, ತನ್ನ ಮೇಲಿನ ಖಟ್ಲೆ ಖುಲಾಸೆಯಾದವಳ ಹಾಗೆ. ವೈರು ಮತ್ತೆ ಸೇರಿಸಿ ಗುಂಡಿ ಒತ್ತಿದರು. ಅದೇ ಬಿಳಿ ಸಾಲು.

ಅಷ್ಟರಲ್ಲಿ ಪಾರ್ವತೆಮ್ಮ ಬಂದೇಬಿಟ್ಟಳು. ಯಲಬುರ್ಗಾದಲ್ಲಿ ಅವಳ ತವರು. ತಮ್ಮನ ಮನೆಯಲ್ಲಿ ಉಳಿದು, ಜಂಪರು ತೆಗೆದುಕೊಂಡು ಸಂಜೆಯ ಬಸ್ಸಿಗೆ ಕುಷ್ಟಗಿಗೆ ಹೋಗುವವಳು. ಬೆಂಚಿನ ಮೇಲೆ ಕೂತು, ಎಲೆ ಅಡಿಕೆಯ ಚೀಲ ಬಿಚ್ಚಿ, "ಆತೇನವಾ ನಮ್ಮ ಹುಡುಗಿ ಜಂಪರ?" ಅಂದಳು.

ಅಂಜುಮ ಸುಳ್ಳು ಹೇಳಲಿಲ್ಲ. "ಒಂದ ತೋಳ ಆಗೈತ್ರಿ ಅಮ್ಮ. ಇನ್ನೊಂದ ಬರಿದ ಐತಿ. ಇದು ಏಳವಲ್ದು. ಇದು ಎದ್ರ ಮಧ್ಯಾಹ್ನದಾಗ ಮುಗಸ್ತೀವಿ."

"ಏಳಲಿಲ್ಲಂದ್ರ?"

"ನೋಡಾಕತ್ತೀನ್ರಿ."

ಪಾರ್ವತೆಮ್ಮ ಆದ ತೋಳನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ಬರಿ ತೋಳಿನ ಕಡೆ ನೋಡಿದಳು. "ಒಂದ ತೋಳಿಗೆ ಆನಿ, ಇನ್ನೊಂದಕ್ಕ ಏನೂ ಇಲ್ಲ. ನೋಡಿದವರು, ಹುಡುಗಿ ಅರ್ಧಾ ಮನಸ್ಸಿಲೆ ಮದವಿ ಆಗ್ಯಾಳ ಅಂತಾರ. ಸೂಜಿ ದಾರ ಕೊಡ್ರಿ, ನಾನಽ ಹಾಕ್ತೀನಿ."

"ನಿಮ್ಮ ಕೈ ಕಸೂತಿಗೂ ಮಷೀನಿಂದಕ್ಕೂ ಜೋಡಿ ಆಗಂಗಿಲ್ರಿ ಅಮ್ಮ" ಅಂದಳು ವಿಜಯಲಕ್ಷ್ಮಿ. "ಮ್ಯಾಲ ಸಂಜೀಕ ಬಸ್ಸ. ಸಂಜೀತನಕ ಆನಿ ಸೊಂಡಿಲೂ ಮುಗಿಯೂದಿಲ್ಲ."

"ಮೊದಲ ನಾವು ಆನಿ, ಅಂಬಾರಿ, ಮಾವುತನ ಸೈತ ಹಾಕ್ತಿದ್ವಿ" ಅಂದು ಪಾರ್ವತೆಮ್ಮ ಎಲೆಗೆ ಸುಣ್ಣ ಹಚ್ಚಿದಳು. ಆದರೆ ಅವಳ ಕಣ್ಣು ಬರಿ ತೋಳಿನ ಮೇಲಿಂದ ಕದಲಲಿಲ್ಲ.

ಅಂಜುಮ ಅಕ್ಬರನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಅವನು ಪಾಳಿಗೆ ಹೋಗಲು ಕಾರ್ಖಾನೆಯ ಗೇಟಿನ ಹತ್ತಿರ ನಿಂತಿದ್ದ. ಲಾರಿಗಳ ಸದ್ದು ಬರುತ್ತಿತ್ತು. ಅವಳು ಪರದೆಯ ಸಾಲನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದಳು.

"ಎದ್ದೇಳಾಕ ಡಿಸ್ಕ ಸಿಗವಲ್ದು ಅಂತ ಅದರ ಅರ್ಥ ಆಪಾ" ಅಂದ ಅಕ್ಬರ.

"ಎದ್ದೈತಲೋ, ಪರದಿ ಬೆಳಗಾಕತ್ತೈತಿ."

"ಕಣ್ಣ ಬಿಟ್ಟೈತಿ ಅಷ್ಟಽ. ಲ್ಯಾಪ್‌ಟಾಪ್ ಕಣ್ಣ ಬಿಟ್ಟ ಕೂಡ್ಲೆ ತಾ ಯಾರು, ಏನ ಮಾಡಬೇಕು ಅನ್ನೂದು ಅದಕ್ಕ ಗೊತ್ತಿರೂದಿಲ್ಲ. ಅದೆಲ್ಲಾ ಡಿಸ್ಕಿನ್ಯಾಗಿರ್ತೈತಿ. ಮೊದ್ಲ ಡಿಸ್ಕ ಹುಡುಕಿ, ಅದನ್ನ ಓದಿ, ಆಮ್ಯಾಲ ಕೆಲಸಕ್ಕ ನಿಲ್ತೈತಿ."

ಪಾರ್ವತೆಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿದಳು. "ನಮ್ಮ ಮನಿಯವರೂ ಹಂಗಽ ಇದ್ರು. ಚಾ ಕುಡಿಯೂತನಕ ತಾವ್ಯಾರು ಅನ್ನೂದು ಅವರಿಗೆ ಗೊತ್ತಿರತಿರಲಿಲ್ಲ."

ವಿಜಯಲಕ್ಷ್ಮಿ ನಕ್ಕಳು. ಅಂಜುಮಳಿಗೆ ನಗು ಬಂದರೂ ಅವಳ ಮನಸ್ಸು ಬೇರೆ ಕಡೆ ಹೊಕ್ಕಿತ್ತು. ಇಷ್ಟು ದಿನ ಗುಂಡಿ ಒತ್ತಿದ್ದಷ್ಟೇ ಗೊತ್ತು. ಒತ್ತಿದ ಮೇಲೆ, ಪರದೆ ಬೆಳಗುವುದಕ್ಕೂ ಚಿತ್ರ ಬರುವುದಕ್ಕೂ ನಡುವೆ, ಒಳಗೆ ಇಷ್ಟೊಂದು ಹುಡುಕಾಟ ನಡೆಯುತ್ತದೆಂದು ಅವಳಿಗೆ ಈಗಲೇ ತಿಳಿದದ್ದು.

"ಅದು ಎಲ್ಲೆಲ್ಲಿ ಹುಡುಕ್ತೈತಿ ಅನ್ನೂದು ನಮಗ ಕಾಣಸ್ತೈತೇನು?"

"ಕಾಣಸ್ತೈತಿ. ಆರಿಸಿ ಹಚ್ಚು. ಹಚ್ಚಿದ ಕೂಡ್ಲೆ ಮ್ಯಾಲಿನ ಸಾಲಿನ್ಯಾಗ ಎಫ್ ಹನ್ನೆರಡು ಅಂತ ಐತಲ, ಅದನ್ನ ಬಿಟ್ಟೂ ಬಿಡದ ಬಡಿ. ಒಂದ ಪಟ್ಟಿ ಬರ್ತೈತಿ, ಓದು."

ಅಂಜುಮ ಬಡಿದಳು. ನೀಲಿ ಪಟ್ಟಿಯೊಂದು ಮೂಡಿತು. ಓದಿದಳು. ಅಕ್ಬರ ಕೇಳಿಸಿಕೊಂಡು, "ಅವು ನೆಟ್‌ನಿಂದ ಏಳೂ ದಾರಿ, ನಮಗ ಬ್ಯಾಡ. ಯುಎಸ್‌ಬಿ ಅನ್ನೂ ಅಕ್ಷರ ಎಲ್ಲೆರ ಅದಾವೇನು?" ಅಂದ.

"ಇಲ್ಲ."

"ಅಂದ್ರ ಡಿಸ್ಕ ಅದರ ಕಣ್ಣಿಗೆ ಬಿದ್ದಽ ಇಲ್ಲ. ಸೆಟ್ಟಿಂಗ್ ಬದಲಾಗೇತೇನ ನೋಡೂಣು." ಅವನು ಹೇಳಿದ ಕಡೆಯೆಲ್ಲ ಅವಳು ಬೆರಳಾಡಿಸಿದಳು, ಅಲ್ಲಿ ಬರೆದದ್ದನ್ನು ಓದಿದಳು. ಯಾವುದೂ ಬದಲಾಗಿರಲಿಲ್ಲ, ಅವನು ಇಟ್ಟುಹೋದದ್ದು ಇಟ್ಟ ಹಾಗೇ ಇತ್ತು. "ಡಾಕಿನ ದೀಪ ಹತ್ತೇತೇನು?"

"ಹತ್ತೇತಿ." ಡಬ್ಬಿಯ ಮೂಲೆಯಲ್ಲಿ ಸಾಸಿವೆಯಷ್ಟು ಬಿಳಿ ದೀಪ ಉರಿಯುತ್ತಿತ್ತು.

"ಅಂದ್ರ ಡಾಕ್ ಜೀವಂತ ಐತಿ. ಡಿಸ್ಕಽ ಹೋಗೇತೋ ಏನೋ." ಅಕ್ಬರನ ದನಿ ಇಳಿಯಿತು. "ಆಪಾ, ನಾ ಒಳಗ ಹೋಗಬೇಕು. ಒಳಗ ಫೋನ್ ಒಯ್ಯಾಕ ಬಿಡಂಗಿಲ್ಲ. ನೀ ಒಂದ ಮಾಡು. ಡಾಕಿಗೆ ಚುಚ್ಚಿದ್ದನ್ನ ಒಂದೊಂದಽ ತಗದು ನೋಡು, ಡಿಸ್ಕ ಒಂದನ್ನಽ ಉಳಸು. ಪಾಳಿ ಬಿಟ್ಟ ಮ್ಯಾಲ ಫೋನ್ ಮಾಡ್ತೀನಿ."

ಫೋನು ಇಟ್ಟ ಮೇಲೆ ಅಂಗಡಿಯಲ್ಲಿ ಮೇಜಿನ ಫ್ಯಾನಿನ ಸದ್ದೊಂದೇ ಉಳಿಯಿತು. ಡಿಸ್ಕೇ ಹೋಗಿದೆಯೋ ಏನೋ ಎಂಬ ಮಾತನ್ನು ಮೂವರೂ ಕೇಳಿದ್ದರು. ಪಾರ್ವತೆಮ್ಮ ಕಸೂತಿಯಾದ ತೋಳನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಆನೆಯ ಬೆನ್ನನ್ನು ಹೆಬ್ಬೆರಳಿನಿಂದ ಸವರುತ್ತ ಕೂತಳು.

ಅಂಜುಮ ಕೆಲಸಕ್ಕೆ ಕೂತಳು. ಮೌಸು ತೆಗೆದು ಬಟ್ಟೆಯ ಎಡಕ್ಕಿಟ್ಟಳು. ಆರಿಸಿ ಹಚ್ಚಿದಳು, ಪಟ್ಟಿ ತೆರೆದಳು. ಇಲ್ಲ. ಕಸೂತಿ ಮಷೀನಿನ ವೈರು ತೆಗೆದು ಮೌಸಿನ ಬಾಜೂಕಿಟ್ಟಳು. ಈ ಸಲ ಹಚ್ಚಿದ ಕೂಡಲೇ ಡಿಸ್ಕನ್ನು ಎತ್ತಿ ಕಿವಿಗೆ ಹಿಡಿದಳು.

"ಅದಕ್ಕೇನು ಹೊಟ್ಟಿನೋವ ಐತೇನು, ಕಿವಿ ಹಚ್ಚಿ ಕೇಳಾಕ?" ಅಂದಳು ವಿಜಯಲಕ್ಷ್ಮಿ.

"ಸುಮ್ಮಕ ಇರು."

ಸರಿಯಾಗಿದ್ದಾಗ ಡಿಸ್ಕು ಎಡೆಬಿಡದೆ ಗುಂಯ್ ಎನ್ನುತ್ತಿತ್ತು, ದೂರದಲ್ಲಿ ಹಿಟ್ಟಿನ ಗಿರಣಿ ನಡೆದ ಹಾಗೆ. ಈಗ ಸದ್ದು ಏಳುತ್ತಿತ್ತು, ಅರ್ಧಕ್ಕೆ ಬಂದು ಟಿಕ್ ಎಂದು ಕುಸಿಯುತ್ತಿತ್ತು. ಮತ್ತೆ ಏಳುತ್ತಿತ್ತು, ಮತ್ತೆ ಟಿಕ್. ತಲೆಹೊರೆ ಎತ್ತಲು ಹೋಗಿ, ಮೊಣಕಾಲು ಸಾಲದೆ ಕೂತುಬಿಡುವವರ ಹಾಗೆ. ಸತ್ತದ್ದಾದರೆ ಏಳಲು ಹೊರಡುವುದೇಕೆ ಎಂದು ಅಂಜುಮ ಅಂದುಕೊಂಡಳು.

ಡಬ್ಬಿಯಲ್ಲಿ ಇನ್ನೂ ಒಂದು ಸಣ್ಣ ಪೆನ್‌ಡ್ರೈವ್ ಉಳಿದಿತ್ತು. ಅದನ್ನೂ ತೆಗೆದಳು. ಈಗ ಡಬ್ಬಿಗೆ ಡಿಸ್ಕು ಒಂದೇ. ಹಚ್ಚಿದಳು, ಪಟ್ಟಿ ತೆರೆದಳು. ಕೆಳಗೆ ಒಂದು ಹೊಸ ಸಾಲು. ಬೆರಳಿಟ್ಟು ಓದಿದಳು. "ಯು. ಎಸ್. ಬಿ."

"ಬಂತೇನು?" ಪಾರ್ವತೆಮ್ಮ ಎದ್ದೇ ಬಂದಳು.

ಅಂಜುಮ ಆ ಸಾಲನ್ನು ಆರಿಸಿ ಒತ್ತಿದಳು. ಪರದೆಯ ಮೇಲೆ ಚುಕ್ಕಿಗಳ ಚಕ್ರ ತಿರುಗತೊಡಗಿತು. ಮೂವರೂ ಅದನ್ನೇ ನೋಡಿದರು. ಚಕ್ರ ತಿರುಗಿತು, ತಡವರಿಸಿತು, ನಿಂತಿತು. ಡಿಸ್ಕು ಟಿಕ್ ಎಂದಿತು. ಅದರ ಹಿಂದೆಯೇ ಲ್ಯಾಪ್‌ಟಾಪಿನ ಪರದೆ ಪೂರ್ತಿ ಕತ್ತಲಾಯಿತು. ಈ ಸಲ ಬಿಳಿ ಸಾಲೂ ಇಲ್ಲ. ಗುಂಡಿ ಒತ್ತಿದರೆ ಮಿಸುಕಲಿಲ್ಲ.

"ಹೋತು" ಅಂದಳು ವಿಜಯಲಕ್ಷ್ಮಿ. "ಇಷ್ಟೊತ್ತು ಕಣ್ಣರ ಬಿಡತಿತ್ತು."

ಪಾರ್ವತೆಮ್ಮ ಬೆಂಚಿಗೆ ವಾಪಸು ಹೋದಳು. "ನಾ ಅವತ್ತಽ ಅಂದ್ನಿ, ಜರಿ ಅಂಚು ಹಚ್ಚಿ ಬಿಡ್ರಿ, ಸಾಕಂತ. ಹುಡುಗಿಗೆ ಅಜ್ಜಿ ಆನೀನಽ ಬೇಕಂತ." ಹುಡುಗಿಯ ಮೇಲಿನ ಸಿಟ್ಟಲ್ಲ ಅದು. ಕುಷ್ಟಗಿಗೆ ಬರಿ ತೋಳು ಹಿಡಿದು ಹೇಗೆ ಹೋಗಲಿ ಎಂಬ ಸಂಕಟ.

ಅಂಜುಮ ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತಳು. ಮುಟ್ಟಿದ್ದಾಯಿತು, ಈಗ ನೋಡಬೇಕು. ಏನೇನಾಯಿತು? ಪರದೆ ಆರಿತು. ಆರಿದ್ದು ಕೆಟ್ಟು ಆರಿದ ಹಾಗಿರಲಿಲ್ಲ, ಎಣ್ಣೆ ತೀರಿದ ದೀಪ ಆರಿದ ಹಾಗಿತ್ತು. ಬ್ಯಾಟರಿ ಮುಗಿದಿರಬೇಕು. ಆದರೆ ಬ್ಯಾಟರಿ ಏಕೆ ಮುಗಿಯಬೇಕು? ಅಂಗಡಿಯಲ್ಲಿ ಕರೆಂಟಿದೆ. ಫ್ಯಾನು ತಿರುಗುತ್ತಿದೆ.

ಆಗ ಅವಳ ಕಣ್ಣು ಕರಿ ಡಬ್ಬಿಯ ಮೂಲೆಗೆ ಹೋಯಿತು. ಸಾಸಿವೆಯಷ್ಟು ಬಿಳಿ ದೀಪವೂ ಆರಿತ್ತು.

"ವಿಜಕ್ಕ, ಲ್ಯಾಪ್‌ಟಾಪ್ ಆರಿದ ಕೂಡ್ಲೆ ಡಬ್ಬೀನೂ ಆರಿತು ನೋಡು."

"ಎರಡೂ ಕೂಡಿ ಸತ್ತಾವಂತ ಸಮಾಧಾನ ಮಾಡ್ಕೋಬೇಕೇನು?"

"ಅಲ್ಲ ಕೇಳು. ಡಬ್ಬಿ ಲ್ಯಾಪ್‌ಟಾಪಿಗೆ ಕರೆಂಟ್ ಕೊಡತಿತ್ತು. ಕೊಡಾಂವ ಯಾಕ ಆರಬೇಕು? ಲ್ಯಾಪ್‌ಟಾಪಿನ ಕೂಡ ಇದೂ ಆರಿದ್ರ, ಇದು ಕೊಡತಿರಲಿಲ್ಲ. ಅದರಿಂದ ತಗೊಂಡು ಉರಿಯಾಕತ್ತಿತ್ತು." ಹೇಳುತ್ತ ಹೇಳುತ್ತ ಅವಳಿಗೆ ತಾನೇ ಹೇಳಿದ್ದು ತಿಳಿಯುತ್ತ ಹೋಯಿತು. "ಬ್ಯಾಟರಿಯೊಳಗಿನ ಒಂದ ಗುಟುಕಿನ್ಯಾಗ ಡಬ್ಬಿ ಕುಡೀಬೇಕು, ಮೌಸ ಕುಡೀಬೇಕು, ಡಿಸ್ಕ ಕುಡೀಬೇಕು. ಅದಕ್ಕಽ ಡಿಸ್ಕಿಗೆ ಎದ್ದ ತಿರಗಾಕ ಆಗವಲ್ದು. ಉಳಿದವನ್ನ ತಗದಾಗ ಒಂದೀಟ ಎದ್ದಿತು. ಡಬ್ಬೀದು ತನ್ನ ವೈರ ಎಲ್ಲಿ ಐತಿ?"

ಅವಳು ಡಬ್ಬಿಯ ಹಿಂದಿನಿಂದ ಹೊರಟ ದಪ್ಪ ಕರಿ ವೈರನ್ನು ಬೆರಳ ನಡುವೆ ಹಿಡಿದು, ದಾರ ಎಳೆದು ಗಂಟು ಹುಡುಕುವ ಹಾಗೆ, ಮೇಜಿನ ಕೆಳಗೆ ನಡೆದಳು. ವೈರು ಗೋಡೆಯ ಮಗ್ಗುಲಿಗೆ ಹೋಗಿ, ದಾರದ ರೀಲುಗಳ ಪೆಟ್ಟಿಗೆ ದಾಟಿ, ಲಕ್ಷ್ಮಿ ಫೋಟೋದ ಹಿಂದೆ ಸೇರಿತ್ತು. ಅಲ್ಲಿ ಪಿನ್ನು ಹಾಕುವ ಬೋರ್ಡು. ಬೋರ್ಡಿನ ಒಂದು ತೂತಿನಲ್ಲಿ ಕಸೂತಿ ಮಷೀನಿನ ಪಿನ್ನು, ಒಂದರಲ್ಲಿ ಫ್ಯಾನಿನದು. ಮೂರನೆಯದರಲ್ಲಿ ಲಕ್ಷ್ಮಿಯ ಸುತ್ತ ಮಿಣುಕುತ್ತಿದ್ದ ಸೀರಿಯಲ್ ಲೈಟಿನ ಪಿನ್ನು. ಡಬ್ಬಿಯ ಪಿನ್ನು ಬೋರ್ಡಿನ ಪಕ್ಕ ನೆಲದ ಮೇಲೆ, ಹೂವಿನ ಎಸಳುಗಳ ನಡುವೆ ಮಲಗಿತ್ತು.

ಅಂಜುಮ ಅದನ್ನು ಎತ್ತಿ ಹಿಡಿದು ತೋರಿಸಿದಳು.

ವಿಜಯಲಕ್ಷ್ಮಿ ಬಾಯಿಗೆ ಸೆರಗು ಹಿಡಿದಳು. "ನಾನಽ ತಗದೆ. ಪ್ರತಿ ಸಲ ದೀಪದ ಸಮೆ ಇಡತಿದ್ದೆ. ಈ ಸಲ ಈ ಲೈಟಿನ ಸರ ತಂದೆ, ಚಂದ ಕಾಣಸ್ತೈತಂತ. ತೂತ ಸಾಲಲಿಲ್ಲ. ಈ ಪಿನ್ನ ತಗದು ನೋಡಿದೆ, ಲ್ಯಾಪ್‌ಟಾಪ್ ಆರಲಿಲ್ಲ, ಡಬ್ಬಿ ದೀಪಾನೂ ಆರಲಿಲ್ಲ. ಹಂಗಿದ್ರ ಇದು ಬ್ಯಾಡಾದ ವೈರು ಅಂತ ತಿಳದೆ. ಪೂಜಿ ಮುಗಿಸಿ ಹೋಗೂ ಮುಂದ ಲ್ಯಾಪ್‌ಟಾಪ್ ಆರಿಸಿ ಹೋದೆ."

"ನನಗಾದ್ರೂ ಎಲ್ಲಿ ಗೊತ್ತಿತ್ತು. ದೀಪ ಹತ್ತೇತಂತ ಅಕ್ಬರಗ ನಾನಽ ಹೇಳಿದೆ."

"ಹಂಗಿದ್ರ ಚುಚ್ಚು, ಚುಚ್ಚು ಬೇಗ" ಅಂದಳು ಪಾರ್ವತೆಮ್ಮ.

ಅಂಜುಮಳ ಕೈ ಸೀರಿಯಲ್ ಲೈಟಿನ ಪಿನ್ನಿನ ಹತ್ತಿರ ಹೋಗಿ ನಿಂತಿತು. ಅಮಾವಾಸ್ಯೆಯ ಪೂಜೆಯಲ್ಲಿ ಇಟ್ಟದ್ದನ್ನು ಮರುದಿನ ಸಂಜೆ ದೀಪ ಹಚ್ಚುವವರೆಗೆ ಕದಲಿಸಬಾರದೆಂಬುದು ವಿಜಯಲಕ್ಷ್ಮಿಯ ಮನೆಯ ರೀತಿ. ಅದು ಅಂಜುಮಳಿಗೆ ಗೊತ್ತು. ಅವಳು ವಿಜಯಲಕ್ಷ್ಮಿಯ ಮುಖ ನೋಡಿದಳು. ವಿಜಯಲಕ್ಷ್ಮಿ ಲಕ್ಷ್ಮಿಯ ಮುಖ ನೋಡಿದಳು. ಆಮೇಲೆ ಕೈ ಚಾಚಿ ಫ್ಯಾನಿನ ಪಿನ್ನು ಕಿತ್ತಳು.

"ಅಕಿಗೆ ಬೆಳಕ ಇರ್ಲಿ. ನಾವು ಸೆರಗಿಲೆ ಗಾಳಿ ಹಾಕ್ಕೊಳ್ಳೂಣು."

"ನಾನೂ ಹಾಕ್ಕೊಳ್ಳಬೇಕೇನು?" ಅಂದಳು ಪಾರ್ವತೆಮ್ಮ.

"ಆನಿ ಬೇಕಂದ್ರ ಹಾಕ್ಕೋಬೇಕ್ರಿ ಅಮ್ಮ."

ಡಬ್ಬಿಯ ಪಿನ್ನು ಬೋರ್ಡಿಗೆ ಸೇರಿತು. ಬಿಳಿ ದೀಪ ಹತ್ತಿತು. ಲ್ಯಾಪ್‌ಟಾಪಿನ ಮಗ್ಗುಲಲ್ಲಿ ಇನ್ನೊಂದು ದೀಪವೂ ಹತ್ತಿತು, ಕೆಂಪನೆಯದು, ಚಾರ್ಜಿನದು. ಮುಂಜಾನೆಯಿಂದ ಆ ದೀಪ ಇರಲಿಲ್ಲವೆಂಬುದು ಅದು ಹತ್ತಿದ ಮೇಲೆ ಕಾಣಿಸಿತು. ಅಂಜುಮ ಬ್ಯಾಟರಿಗೆ ಸ್ವಲ್ಪ ಜೀವ ಬರಲೆಂದು ಕಾದಳು. ಬಟ್ಟೆಯ ಮೇಲಿನದ್ದನ್ನು ಬಲಗಡೆಯಿಂದ ಒಂದೊಂದಾಗಿ ಡಬ್ಬಿಗೆ ಸೇರಿಸಿದಳು. ಗುಂಡಿ ಒತ್ತಿ, ಡಿಸ್ಕಿಗೆ ಕಿವಿಯಿಟ್ಟಳು. ಸದ್ದು ಎದ್ದಿತು. ಅರ್ಧಕ್ಕೆ ಬಂತು, ಅರ್ಧ ದಾಟಿತು, ಗುಂಯ್ ಎಂದು ಒಂದೇ ದನಿಗೆ ನಿಂತಿತು. ಅವಳು ತಲೆ ಎತ್ತುವ ಮೊದಲೇ ವಿಜಯಲಕ್ಷ್ಮಿ, "ಚಿತ್ರ ಬಂತು" ಅಂದಳು.

ಎಡಕ್ಕೆ ನಡೆಯುವ ಆನೆ ಇಟ್ಟಲ್ಲೇ ಇತ್ತು. ಅಂಜುಮ ಅದನ್ನು ಮಷೀನಿಗೆ ಕಳಿಸಿದಳು. ಸೂಜಿ ಇಳಿಯಿತು. ಮೊದಲು ರುದ್ರಾಕ್ಷಿಯ ಅಂಚು ಬಂತು, ಆಮೇಲೆ ಗೋಪುರದ ಮೆಟ್ಟಿಲು, ಆಮೇಲೆ ಆನೆಯ ಕಾಲು. ಸೆಕೆಯಲ್ಲಿ ಮೂವರೂ ಬೆವೆತರು. ಪಾರ್ವತೆಮ್ಮ ರಟ್ಟಿನ ತುಂಡೊಂದನ್ನು ಹಿಡಿದು ತನಗಲ್ಲ, ಮಷೀನಿಗೆ ಗಾಳಿ ಹಾಕುತ್ತ ಕೂತಳು. ಸೊಂಡಿಲು ಬರುವಾಗ ಬಗ್ಗಿ ನೋಡಿ, "ಇಲ್ಲೆ ಒಂದ ಎಳಿ ತಪ್ಪೇತಿ" ಅಂದಳು.

"ನಿಮ್ಮ ಕುಪ್ಪಸದಾಗಽ ತಪ್ಪಿತ್ರಿ. ನಾ ಇದ್ದದ್ದ ಇದ್ದಾಂಗ ಇಳಿಸೀನಿ."

ಪಾರ್ವತೆಮ್ಮ ನೆನಪು ಮಾಡಿಕೊಂಡಳು. "ಹೌದು. ಅವತ್ತ ನನ್ನ ನೆಗೆಣ್ಣಿ ಜಗಳಾ ತಗದಿದ್ಲು" ಅಂದಳು.

ಫ್ರೇಮಿನಿಂದ ತೋಳು ಬಿಡಿಸಿ ಕೊಟ್ಟದ್ದೇ ತಡ, ವಿಜಯಲಕ್ಷ್ಮಿ ಜಂಪರಿಗೆ ಕೂಡಿಸತೊಡಗಿದಳು. ಅವಳ ಕಾಲು ಪೆಡಲಿನ ಮೇಲೆ ಅಂಥ ವೇಗದಲ್ಲಿ ಆಡಿದ್ದನ್ನು ಅಂಜುಮ ಕಂಡಿರಲಿಲ್ಲ. ಮುಗಿದ ಜಂಪರನ್ನು ಪಾರ್ವತೆಮ್ಮ ಮೊದಲು ತಿರುವಿ ಒಳಮೈ ನೋಡಿದಳು. ಹಳೇ ಕಸೂತಿಯವರು ಹಾಗೇ, ಅವರಿಗೆ ಕೆಲಸ ತಿಳಿಯುವುದು ಬೆನ್ನಿನ ಕಡೆಯಿಂದ. "ಹಿಂದ ಸ್ವಲ್ಪ ಗಂಟ ಅದಾವ. ಮಷೀನಂದ್ರ ಮಷೀನ" ಅಂದು, ಸರಿಮಾಡಿ, ಎರಡೂ ತೋಳನ್ನು ಎದೆಯ ಮುಂದೆ ಕೂಡಿಸಿ ಹಿಡಿದಳು. ಆನೆಗಳು ಒಂದರ ಮುಖ ಒಂದು ನೋಡಿದವು. ಮುದುಕಿ ಜಂಪರನ್ನು ಸೀರೆಯ ಮಡಿಕೆಯೊಳಗಿಟ್ಟು, ಗಂಟು ಕಟ್ಟಿ, ಅಂಜುಮಳ ಗಲ್ಲ ಮುಟ್ಟಿ ದೃಷ್ಟಿ ತೆಗೆದು ಲಟಿಕೆ ಮುರಿದಳು. "ಮದವಿಗೆ ಬರ್ರಿ ಇಬ್ಬರೂ. ಬರಲಿಲ್ಲಂದ್ರ ಹುಡುಗಿ ಬೈತಾಳ" ಅಂದು ಬಸ್ಸಿನ ದಾರಿ ಹಿಡಿದಳು.

ವಿಜಯಲಕ್ಷ್ಮಿ ಬುತ್ತಿ ಬಿಚ್ಚಿದಳು. ಮಧ್ಯಾಹ್ನದ ಊಟ ಆ ಹೊತ್ತಿಗೆ ಕೂಡಿ ಬಂದಿತ್ತು. "ಬಾ, ರೊಟ್ಟಿ ಒಣಗ್ಯಾವ."

"ಬಂದೆ" ಅಂದ ಅಂಜುಮ ಬರಲಿಲ್ಲ. ಎರಡೂ ಆನೆಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡಳು, ಅದನ್ನು ಕೈಚೀಲಕ್ಕೆ ಹಾಕಿದಳು. ಬ್ಯಾಟರಿ ಇನ್ನೂ ಅರ್ಧಕ್ಕೇ ಇತ್ತು. ಲ್ಯಾಪ್‌ಟಾಪನ್ನು ಸರಿಯಾಗಿ ಆರಿಸಿದಳು. ಆಮೇಲೆ ಲಕ್ಷ್ಮಿ ಫೋಟೋದ ಹಿಂದೆ ಕೈ ಹಾಕಿ ಡಬ್ಬಿಯ ಪಿನ್ನನ್ನು ಕಿತ್ತಳು.

ವಿಜಯಲಕ್ಷ್ಮಿಯ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ನಿನಗ ತಲಿ ಕೆಟ್ಟೈತೇನು? ಚಲೋ ನಡದದ್ದನ್ನ ಮತ್ತ್ಯಾಕ ಕೆಡಸ್ತಿ?"

"ಅದಽ ಕಾರಣ ಹೌದೋ ಅಲ್ಲೋ ನೋಡಬೇಕಲ. ಪಿನ್ನೂ ಹಾಕಿದ್ವಿ, ನಡುವ ಅದು ಒಂದ ಸಲ ಪೂರ್ತಿ ಆರಿ ಎದ್ದಿತು. ಯಾವುದರಿಂದ ಚಲೋ ಆತು ಅಂತ ಹೆಂಗ ತಿಳೀತೈತಿ?"

"ಆತಲ, ಸಾಕಲ."

"ಜಂಪರಿಗೆ ಸಾಕು."

ಗುಂಡಿ ಒತ್ತಿದಳು. ಕರಿ ಪರದೆ, ಬಿಳಿ ಸಾಲು. ಡಿಸ್ಕು ಎದ್ದು ಕುಸಿಯಿತು, ಟಿಕ್. ಪಿನ್ನು ಹಾಕಿ ಮತ್ತೆ ಒತ್ತಿದಳು. ಗುಂಯ್. ಅವಳ ಮುಖ ಅರಳಿತು. ಬಂದು ಕೂತು ರೊಟ್ಟಿ ಮುರಿದಳು. ಎರಡು ತುತ್ತು ತಿನ್ನುವಷ್ಟರಲ್ಲಿ ಅಕ್ಬರನ ಫೋನು ಬಂತು.

"ಏನಾತು ಆಪಾ? ಡಿಸ್ಕ ಹೋತೇನು?"

"ಇಲ್ಲ, ಎದ್ದೈತಿ. ಜಂಪರ ಕುಷ್ಟಗಿಗೆ ಹೋತು. ಎಲ್ಲಾ ಹೇಳ್ತೀನಿ. ಮೊದ್ಲ ನೀ ನನಗ ಇದನ್ನ ಹೇಳು" ಅಂದಳು ಅಂಜುಮ, ಬಾಯಿಯ ತುತ್ತು ಒಂದು ಕಡೆ ಸರಿಸಿ. "ಬ್ಯಾಟರಿ ಪೂರ್ತಿ ತುಂಬಿತ್ತಂದ್ರ, ಡಾಕಿಗೆ ಪಿನ್ನ ಇಲ್ಲದನಽ ಡಿಸ್ಕ ಏಳತಿತ್ತೋ ಇಲ್ಲೋ?"

"ಅದು ನನಗೂ ಗೊತ್ತಿಲ್ಲ ಆಪಾ" ಅಂದ ಅಕ್ಬರ.

"ಹಂಗಾರ ನಾಳಿ ಮುಂಜಾನಿ ನೋಡ್ತೀನಿ" ಅಂದಳು ಅಂಜುಮ. ವಿಜಯಲಕ್ಷ್ಮಿ ಪಲ್ಯದ ಡಬ್ಬಿಯನ್ನು ಅವಳ ಕಡೆ ತಳ್ಳಿ, "ಮೊದ್ಲ ಉಣ್ಣು" ಅಂದಳು.